ಶಿವಪುತ್ರಪ್ಪನ ದನಿಗೊಂದು ಲ್ಯಾಪ್‌ಟಾಪ್

ಶಿರಸಿ ಪೇಟೆಯಲ್ಲಿ ಶಿವಪುತ್ರಪ್ಪನ ಮುಖ ಬಲ್ಲವರು ಕಡಿಮೆ. ದನಿ ಕೇಳದವರು ಇರಲಿಲ್ಲ. ಆಟೋರಿಕ್ಷಾದ ತಲೆಯ ಮೇಲೆ ಎರಡು ಧ್ವನಿವರ್ಧಕ ಕಟ್ಟಿಸಿ, ಒಳಗೆ ಮೈಕ್ ಹಿಡಿದು ಕೂತು, ಅವನು ಮೂವತ್ತು ವರ್ಷ ಸುತ್ತಿದ್ದ. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ಕಣ್ಣಿನ ತಪಾಸಣೆ ಶಿಬಿರ ಇದೆ, ಇಂಥ ಮೈದಾನದಲ್ಲಿ ನಾಟಕ ಇದೆ, ಇಂಥ ಓಣಿಯ ಇಂಥವರು ತೀರಿಕೊಂಡಿದ್ದಾರೆ ಎನ್ನುವುದನ್ನೆಲ್ಲ ಜನ ಮೊದಲು ಕೇಳುತ್ತಿದ್ದುದು ಅವನ ಬಾಯಲ್ಲಿ. ದಪ್ಪ ದನಿ, ಆದರೆ ಅಬ್ಬರವಿಲ್ಲ. ಸಾವಿನ ಸುದ್ದಿ ಹೇಳುವಾಗ ಹೆಸರಿನ ಮುಂದೆ ಒಂದು ಕ್ಷಣ ನಿಲ್ಲುತ್ತಿದ್ದ. ಆ ನಿಲುಗಡೆಗೇ ಅಡುಗೆಮನೆಯಲ್ಲಿದ್ದ ಹೆಂಗಸರು ಒಲೆ ಸಣ್ಣ ಮಾಡಿ ಬಾಗಿಲಿಗೆ ಬರುತ್ತಿದ್ದರು.

ಅವನು ಹುಟ್ಟಿದ್ದು ಬನವಾಸಿ ಹತ್ತಿರದ ಗುಡ್ನಾಪುರದಲ್ಲಿ. ಶಾಲೆ ಅರ್ಧಕ್ಕೆ ಬಿಟ್ಟು ಶಿರಸಿಗೆ ಬಂದು ಮೈಕ್ ಸೆಟ್ಟಿನ ಅಂಗಡಿಯಲ್ಲಿ ವಯರು ಸುತ್ತುವ ಕೆಲಸಕ್ಕೆ ಸೇರಿದ. ಒಂದು ದಿನ ಹೇಳಬೇಕಾದವನು ಕುಡಿದು ಮಲಗಿದ್ದಕ್ಕೆ ಮಾಲೀಕ ಇವನ ಕೈಗೆ ಮೈಕ್ ಕೊಟ್ಟ. ಮತ್ತೆ ಅದನ್ನು ವಾಪಸು ಕೇಳಲಿಲ್ಲ.

ಈ ಕೆಲಸದಲ್ಲಿ ಅವನು ತನಗೆ ತಾನೇ ಒಂದು ಕಟ್ಟು ಹಾಕಿಕೊಂಡಿದ್ದ. ಯಾರೇ ಬಂದು ಇದನ್ನು ಹೇಳು ಎಂದರೂ, ಹೇಳಿಸುವವರು ಯಾರು, ಇದರ ಹಿಂದೆ ಯಾರಿದ್ದಾರೆ ಎಂದು ತಿಳಿಯದೆ ಮೈಕ್ ಮುಟ್ಟುತ್ತಿರಲಿಲ್ಲ. ಸತ್ತವರ ಸುದ್ದಿಯಾದರೆ ತಾನೇ ಆ ಮನೆಗೆ ಹೋಗಿ ಹೆಸರು ಸರಿಯಾಗಿ ಕೇಳಿಕೊಂಡು ಬರುತ್ತಿದ್ದ. ‘ಜನ ನನ್ನ ಮಾರಿ ನೋಡಂಗಿಲ್ಲ. ದನಿ ಒಂದ ನಂಬತಾರ’ ಎನ್ನುತ್ತಿದ್ದ.

ಆ ದನಿಗಾಗಿಯೇ ಎಂದು ಹೇಳಿಕೊಂಡು ಅವನು ಬೆಳಗಿನಿಂದ ತಂಬಾಕು ಬೆರೆಸಿದ ಅಡಿಕೆ ಜಗಿಯುತ್ತಿದ್ದ. ಗಂಟಲು ಬಿಡಿಸುತ್ತದೆ ಎಂದು ಅವನ ನಂಬಿಕೆ. ಹೆಂಡತಿ ಗುರುಶಾಂತವ್ವ ವರ್ಷಗಟ್ಟಲೆ ಬೈದು, ಆಮೇಲೆ ಬಿಟ್ಟಿದ್ದಳು. ಐವತ್ತೆರಡನೆಯ ವಯಸ್ಸಿಗೆ ಗಂಟಲು ಕಟ್ಟಿತು. ಶುಂಠಿ ಕಷಾಯ, ಜೇನುತುಪ್ಪ, ಔಷಧದಂಗಡಿಯ ಗುಳಿಗೆ ಯಾವುದಕ್ಕೂ ಬಿಡಲಿಲ್ಲ. ನುಂಗುವುದು ಕಷ್ಟವಾದಾಗ ಮಗಳು ಸ್ಫೂರ್ತಿ ಹಟ ಹಿಡಿದು ಅಪ್ಪ ಅವ್ವ ಇಬ್ಬರನ್ನೂ ಹುಬ್ಬಳ್ಳಿಗೆ ಕರೆದುಕೊಂಡು ಹೋದಳು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಮೂವರನ್ನೂ ಕೂರಿಸಿಕೊಂಡು ನೇರವಾಗಿ ಹೇಳಿದರು.

“ಕ್ಯಾನ್ಸರ್ ದನಿಪೆಟ್ಟಿಗಿಗೇ ಹಿಡಿದೈತ್ರಿ. ಅದನ್ನ ಪೂರಾ ತೆಗೀಬೇಕು. ಉಸಿರಾಡಾಕ ಕುತ್ತಿಗ್ಯಾಗ ಒಂದು ತೂತು ಮಾಡತೀವಿ.”

“ಆಮ್ಯಾಲೆ ಮಾತು?” ಎಂದು ಶಿವಪುತ್ರಪ್ಪ ಕೇಳಿದ.

“ಈಗಿನಂಗ ಬರಂಗಿಲ್ಲ.”

ಊರಿಗೆ ಮರಳುವಾಗ ಅವನು, ಬಸ್ಸು ಮುಂಡಗೋಡ ದಾಟುವವರೆಗೂ ಕಿಟಕಿಯಾಚೆ ನೋಡುತ್ತ ಕೂತಿದ್ದು, ಆಮೇಲೆ ಹೆಂಡತಿಯ ಕಡೆ ತಿರುಗಿ, “ಬ್ಯಾರೆ ಕೆಲಸ ನನಗ ಬರಂಗಿಲ್ಲಲ್ಲ” ಎಂದ. ಗುರುಶಾಂತವ್ವ ಅವನ ಕೈ ಹಿಡಿದುಕೊಂಡಳು.

ಶಸ್ತ್ರಚಿಕಿತ್ಸೆಗೆ ಮೂರು ವಾರ ಇತ್ತು. ದಾರಿ ತೋರಿಸಿದವಳು ಸ್ಫೂರ್ತಿ. ಅವಳು ಬಿ.ಕಾಂ. ಮುಗಿಸಿ, ಪೇಟೆಯ ಒಂದು ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಲ್ಲಿ ಕೂರುತ್ತಿದ್ದಳು.

“ಅಪ್ಪಾ, ನೀ ಹೇಳೂ ಮಾತು ಅವ ಅವ ಇರತಾವ. ಊರಿನ ಹೆಸರು, ವಾರ, ತಾರೀಖು, ತೀರಿಕೊಂಡಾರ, ಶಿಬಿರ ಐತಿ. ಎಲ್ಲಾ ಬಿಡಿಬಿಡಿಯಾಗಿ ಈಗ ಹೇಳಿ ಇಟ್ಟುಬಿಡು. ಆಮ್ಯಾಲೆ ಬೇಕಾದಂಗ ನಾ ಜೋಡಿಸಿ ಕೊಡತೇನಿ. ವಿನೋದ ಆಟೋದಾಗ ಹಾಕ್ಕೊಂಡು ತಿರಗತಾನ.”

ವಿನೋದ ಶಿವಪುತ್ರಪ್ಪನ ತಂಗಿಯ ಮಗ, ಈಗ ಸುದ್ದಿ ಹೇಳಲು ಸುತ್ತುತ್ತಿದ್ದುದು ಅವನ ಆಟೋದಲ್ಲೇ.

ಮೊದಲು ಮೊಬೈಲಿನಲ್ಲೇ ಹಿಡಿದು ನೋಡಿದರು. ದನಿ ತಗಡಿನಂತೆ ಬಂತು. ನೂರಾರು ತುಣುಕು ಕತ್ತರಿಸಿ ಜೋಡಿಸುವುದು ಆ ಸಣ್ಣ ಪರದೆಯಲ್ಲಿ ಆಗುವ ಕೆಲಸವೂ ಅಲ್ಲ. ಸ್ವಂತದ್ದೊಂದು ಲ್ಯಾಪ್‌ಟಾಪ್ ಬೇಕು ಎಂದಾಯಿತು. ಶಸ್ತ್ರಚಿಕಿತ್ಸೆಯ ಖರ್ಚು ಸರ್ಕಾರದ ಕಾರ್ಡಿನಲ್ಲಿ ಬರುತ್ತಿತ್ತು. ಓಡಾಟ, ಔಷಧಿಗೆಂದು ಇಟ್ಟ ದುಡ್ಡು ಮುಟ್ಟುವಂತಿರಲಿಲ್ಲ. ಗುರುಶಾಂತವ್ವ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ರೊಟ್ಟಿ ಮಾಡುವ ಮಷಿನ್ ಕೊಳ್ಳಲು ಎಂದು ಇಪ್ಪತ್ತೈದು ಸಾವಿರ ಕೂಡಿಸಿಟ್ಟಿದ್ದಳು. ಅದನ್ನೇ ತಂದು ಮಗಳ ಮುಂದಿಟ್ಟಳು.

“ಮಷಿನ್ ಮುಂದಿನ ವರ್ಷ ತಗೊಂಡ್ರಾತು. ಕೈ ಇನ್ನೂ ಗಟ್ಟಿ ಅದಾವ” ಎಂದಳು.

ಅಪ್ಪ, ಮಗಳು ಮೊದಲು ಹೋದದ್ದು ಪೇಟೆಯ ದೊಡ್ಡ ಅಂಗಡಿಗೆ. ತಂಪು ಗಾಳಿ, ಕಣ್ಣು ಕುಕ್ಕುವ ದೀಪ. ಮಾರುವ ಹುಡುಗಿ ಬಾಯಿ ತೆರೆದರೆ ಪರದೆಯನ್ನೇ ಹೊಗಳುತ್ತಿದ್ದಳು. ಕೀಲಿಗಳ ಕೆಳಗೆ ಬಣ್ಣ ಬಣ್ಣದ ಬೆಳಕು ಹತ್ತುವುದೊಂದನ್ನು ತೋರಿಸಿದಳು. ಬೆರಳಲ್ಲಿ ಮುಟ್ಟಿದರೆ ತಿರುಗುವುದೊಂದನ್ನು ತೋರಿಸಿದಳು. ಐವತ್ತು ಸಾವಿರದ ಮೇಲೆ. ಕಂತಿನ ಮೇಲೂ ಕೊಡುತ್ತೇವೆ, ಈಗ ಬರೀ ಸಹಿ ಸಾಕು ಎಂದಳು. ಇವರ ದುಡ್ಡಿಗೆ ಹೊಂದುವ ಹೊಸದೂ ಒಂದಿತ್ತು. ಹಗುರ, ತೆಳುವು, ನೋಡಲು ಚೆಂದ. ಸ್ಫೂರ್ತಿ ಅದನ್ನು ಚಾಲೂ ಮಾಡಿದಳು. ಅದು ತೆರೆದುಕೊಳ್ಳುವಷ್ಟರಲ್ಲಿ ಶಿವಪುತ್ರಪ್ಪ ಅಂಗಡಿಯನ್ನೆಲ್ಲ ಒಂದು ಸುತ್ತು ನೋಡಿ ಬಂದಿದ್ದ.

“ಹೊಸಾದು ಅಪ್ಪಾ, ಒಂದು ವರ್ಷ ಗ್ಯಾರಂಟಿ ಐತಿ” ಎಂದಳು ಅವಳು, ಅರ್ಧ ಮನಸ್ಸಿನಲ್ಲಿ.

“ನಮ್ಮ ಕೆಲಸ ಏನಂತ ಈಕಿ ಕೇಳಲೇ ಇಲ್ಲಲ್ಲ” ಎಂದು ಅವನು ಬಾಗಿಲ ಕಡೆ ನಡೆದ. ಆಗಲೇ ಅವನ ಮಾತು ಗರಗರ ಎನ್ನುತ್ತಿತ್ತು.

ಎರಡನೆಯದು ನಂದನ ಹೆಗಡೆಯ ಅಂಗಡಿ. ಅಂಗಡಿ ಅನ್ನುವುದಕ್ಕಿಂತ ಮಹಡಿಯ ಮೇಲಿನ ಒಂದು ಕೋಣೆ. ದೊಡ್ಡ ಕಚೇರಿಗಳು ಮೂರು ನಾಲ್ಕು ವರ್ಷ ಬಳಸಿ ತೆಗೆದುಹಾಕಿದ ಲ್ಯಾಪ್‌ಟಾಪುಗಳನ್ನು ತಂದು, ಬಿಚ್ಚಿ, ದುರಸ್ತಿ ಮಾಡಿ ಮಾರುತ್ತಿದ್ದ. ಇವರು ಹತ್ತಿ ಬಂದಾಗ ಫೋನಿನಲ್ಲಿದ್ದ. “ಆಯಿ, ಆನು ಅಂಗಡಿಲ್ಲಿ ಇದ್ದೆ, ಈಗ ಬಪ್ಲೆ ಆಗ್ತಿಲ್ಲೆ, ಜನ ಬಂಜ” ಎಂದು ಹವ್ಯಕರ ಮಾತಿನಲ್ಲಿ, ಗಿರಾಕಿ ಬಂದಿದ್ದಾರೆ ಈಗ ಬರಲಾಗದು ಎಂದು ತಾಯಿಗೆ ಹೇಳಿ ಫೋನ್ ಇಟ್ಟ.

“ಎಂತಕ್ಕೆ ಬೇಕಾಗಿತ್ತು?”

ಸ್ಫೂರ್ತಿ ಹೇಳತೊಡಗಿದಳು. ಅಪ್ಪನ ದನಿ ಎಂದು ಬಂದ ಕೂಡಲೇ ಅವನು ಶಿವಪುತ್ರಪ್ಪನ ಮುಖ ನೋಡಿ, “ನೀವಾ?” ಎಂದ. “ನಮ್ಮ ಅಜ್ಜ ಹೋದಾಗ ನೀವೇ ಹೇಳಿದ್ದು. ಮನೆಗೂ ಬಂದಿದ್ರಿ.” ಆಮೇಲೆ ಸ್ಟೂಲು ಎಳೆದು ಕೊಟ್ಟು ಪೂರ್ತಿ ಕೇಳಿಸಿಕೊಂಡ.

“ಹಾಗಾದ್ರೆ ಪರದೆ ಹೇಗಿದ್ರೂ ಅಡ್ಡಿಲ್ಲ. ಗೇಮಿನ ಕಾರ್ಡು ಬೇಡ. ಬಣ್ಣ, ತೆಳುವು ಯಾವುದಕ್ಕೂ ದುಡ್ಡು ಹಾಕ್ಬೇಡಿ. ನಿಮ್ಮ ಬಜೆಟ್ಟಿಗೆ ಬರೋ ಹೊಸದರಲ್ಲಿ ರ್ಯಾಮ್ ಕಡಿಮೆ, ಇಪ್ಪತ್ತು ತುಣುಕು ಒಟ್ಟಿಗೆ ಇಟ್ರೆ ನಿಂತೇ ಬಿಡ್ತದೆ. ಹಳೇದೇ ತಗೊಳ್ಳಿ. ಆದ್ರೆ ಎಸ್‌ಎಸ್‌ಡಿ ಇರೂದು ಬೇಕು. ಹಳೇ ನಮೂನೆ ಡಿಸ್ಕು ತಿರುಗುವ ಸದ್ದು ಮೈಕಿಗೆ ಹಿಡೀತದೆ, ಕೆಳಗೆ ಬಿದ್ರೆ ಎಲ್ಲಾ ಹೋಗ್ತದೆ. ಬ್ಯಾಟರಿ ನಾ ಹೊಸದು ಹಾಕಿ ಕೊಡ್ತೆ, ನಿಮ್ಮ ಬದಿ ಕರೆಂಟು ಹೋದ್ರೂ ಕೆಲಸ ನಿಲ್ಲೂದು ಬೇಡ. ಉಳಿದ ದುಡ್ಡಲ್ಲಿ ಒಂದು ಒಳ್ಳೆ ಮೈಕ್ ತಗೊಳ್ಳಿ.”

“ಇದರಾಗ ಎಷ್ಟು ಮಾತು ಹಿಡೀತಾವ್ರಿ?” ಎಂದು ಶಿವಪುತ್ರಪ್ಪ ಕೇಳಿದ.

“ನೀವು ಇಷ್ಟು ವರ್ಷ ಹೇಳಿದ್ದೆಲ್ಲ ಹಿಡೀತದೆ.”

ನಂದನ ಇನ್ನೊಂದು ಮಾತು ಹೇಳಿದ. ಈಗ ದನಿಯ ನಕಲು ಮಾಡುವ ಪ್ರೋಗ್ರಾಮುಗಳು ಬಂದಿವೆ. ಒಂದು ತಾಸಿನ ಮಾತು ಕೊಟ್ಟರೆ ಸಾಕು, ಆಮೇಲೆ ಏನು ಬರೆದು ಕೊಟ್ಟರೂ ಅದೇ ದನಿಯಲ್ಲಿ ಹೇಳುತ್ತದೆ. ಅದಕ್ಕೆ ಬೇರೆ ದೊಡ್ಡ ಮಷಿನ್ ಬೇಕು, ಇಲ್ಲವೇ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಆ ಕಡೆ ಹೋಗುವುದಾದರೆ ಈಗಲೇ ಹೇಳಿ ಎಂದ.

“ನಾ ಹೇಳದ್ದು ನನ್ನ ದನ್ಯಾಗ ಬರತೈತೇನು?”

“ಬರ್ತದೆ.”

“ಬ್ಯಾಡ. ನಾ ಹೇಳಿದ್ದಷ್ಟ ಸಾಕು.”

ನಂದನ ಇವರ ದುಡ್ಡಿಗೆ ಹೊಂದುವ ಮೂರು ಲ್ಯಾಪ್‌ಟಾಪುಗಳನ್ನು ಮೇಜಿನ ಮೇಲಿಟ್ಟು ಚಾಲೂ ಮಾಡಿದ. ಸ್ಫೂರ್ತಿ ಕೀಲಿ ಒತ್ತಿ, ಪರದೆ ನೋಡಿ, ಯಾವುದು ಚುರುಕು ಎಂದು ತೂಗುತ್ತಿದ್ದಳು. ಶಿವಪುತ್ರಪ್ಪ ಒಂದೊಂದಕ್ಕೂ ಬಗ್ಗಿ ಕಿವಿ ಇಟ್ಟ. ಕೆಳಗಿನ ರಸ್ತೆಯ ಗದ್ದಲ ಕೇಳದಂತೆ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ. ಮಗಳಿಗೆ ಹಿಡಿಸಿದ್ದು ಮಧ್ಯದ್ದು.

“ಅದು ಉಸಿರು ಬಿಡತೈತಿ” ಎಂದ ಅವನು. ಅದರ ಫ್ಯಾನಿನ ಸಿಳ್ಳು ಉಳಿದಿಬ್ಬರಿಗೆ ಕೇಳಿಸಿದ್ದು ಅವನು ಹೇಳಿದ ಮೇಲೆಯೇ. ಕೊನೆಯದರ ಮೂಲೆ ಸವೆದಿತ್ತು, ಯಾವುದೋ ಕಚೇರಿಯ ಚೀಟಿ ಕಿತ್ತ ಗುರುತು ಮುಚ್ಚಳದ ಮೇಲಿತ್ತು, ತೂಕವೂ ಹೆಚ್ಚು. ಅದು ಸುಮ್ಮನಿತ್ತು. ಅದನ್ನೇ ತೆಗೆದುಕೊಂಡರು. ಹದಿನೆಂಟು ಸಾವಿರಕ್ಕೆ ಮುಗಿಯಿತು. ಮೈಕಿಗೆ ಕೊಟ್ಟೂ ಬಸ್ಸಿನ ಓಡಾಟಕ್ಕೆ ಸ್ವಲ್ಪ ಉಳಿಯಿತು. ಮೆಟ್ಟಿಲಿಳಿಯುವಾಗ ಶಿವಪುತ್ರಪ್ಪ ಚೀಲವನ್ನು ಮಗಳ ಕೈಗೆ ಕೊಡದೆ ತಾನೇ ಎದೆಗವಚಿಕೊಂಡಿದ್ದ.

ಮನೆಯ ಒಳಕೋಣೆಯ ಗೋಡೆಗೆಲ್ಲ ಕಂಬಳಿ, ಕೌದಿ ಇಳಿಬಿಟ್ಟರು. ಗುರುಶಾಂತವ್ವ ರೊಟ್ಟಿ ಬಡಿಯುವುದನ್ನು ಪಕ್ಕದ ಮನೆಗೆ ಸಾಗಿಸಿದಳು. ಬೆಳಗಿನ ಹೊತ್ತು ದನಿ ಸ್ವಲ್ಪ ತಿಳಿಯಾಗಿರುತ್ತಿತ್ತು, ಆಗಷ್ಟೇ ಹಿಡಿಯುತ್ತಿದ್ದರು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕಿನ ಊರುಗಳು ಒಂದೊಂದಾಗಿ ಬಂದವು. ವಾರಗಳು, ತಿಂಗಳುಗಳು, ಅಂಕಿಗಳು. ಶ್ರೀಯುತ, ಶ್ರೀಮತಿ, ಅವರ ತಂದೆಯವರಾದ, ಅವರ ಧರ್ಮಪತ್ನಿಯಾದ. ‘ನಿಧನರಾಗಿದ್ದಾರೆ ಎಂದು ತಿಳಿಸಲು ವಿಷಾದಿಸುತ್ತೇವೆ’ ಎಂಬುದನ್ನು ಮೂರು ಬಗೆಯಲ್ಲಿ ಹೇಳಿದ: ವಯಸ್ಸಾದವರಿಗೆ ಒಂದು, ನಡುವಯಸ್ಸಿನವರಿಗೆ ಒಂದು, ಮಕ್ಕಳಿಗೆ ಒಂದು. ಮೂರನೆಯದನ್ನು ಹೇಳುವಾಗ ಸ್ಫೂರ್ತಿ ಹಿಡಿಯುವುದನ್ನು ನಿಲ್ಲಿಸಿ ಹೊರಗೆ ಹೋಗಿ ಬಂದಳು.

ದಿನ ಕಳೆದಂತೆ ದನಿ ಕೆಡುತ್ತ ಹೋಯಿತು. ಬನವಾಸಿ ಕಡೆಯ ಊರುಗಳನ್ನು ಕೊನೆಗೆ ಇಟ್ಟುಕೊಂಡಿದ್ದರು. ತನ್ನ ಊರು ಗುಡ್ನಾಪುರದ ಹೆಸರನ್ನು ಅವನು ಎಷ್ಟು ಸಲ ಹೇಳಿದರೂ ಕೆಮ್ಮು ಬೆರೆಯದೆ ಬರಲಿಲ್ಲ. ಅದು ಹಾಗೇ ಉಳಿಯಿತು. ಹುಬ್ಬಳ್ಳಿಗೆ ಹೊರಡುವ ಹಿಂದಿನ ಮಧ್ಯಾಹ್ನ ಗುರುಶಾಂತವ್ವ ಬಾಗಿಲಲ್ಲಿ ನಿಂತು, “ಮನ್ಯಾಗ ಆಡೂ ಮಾತೂ ಒಂದೀಟು ಹಿಡದು ಇಡರಿ” ಎಂದಳು. ಅವನು ಮೈಕಿನ ಮುಂದೆ ಕೂತ. ಏನು ಹೇಳಬೇಕೆಂದು ತಿಳಿಯದೆ ಕೂತೇ ಇದ್ದು, “ಬಂದ ಮ್ಯಾಲೆ ನೋಡೂಣು” ಎಂದು ಎದ್ದುಬಿಟ್ಟ. ಬಂದ ಮೇಲೆ ದನಿ ಇರುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಅವನಿಗೂ ಮರೆತಿತ್ತು.

ಶಸ್ತ್ರಚಿಕಿತ್ಸೆ ಆಯಿತು. ಮನೆಗೆ ಬಂದವನ ಕುತ್ತಿಗೆಯ ಬುಡದಲ್ಲಿ ತೂತು, ಅದರ ಮೇಲೆ ತೆಳ್ಳನೆಯ ಬಟ್ಟೆ. ತುಟಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಹೇಳಬೇಕಾದದ್ದನ್ನು ಒಂದು ಸಣ್ಣ ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸುತ್ತಿದ್ದ. ಕರೆಂಟು ಎಂದು ಜನ ಕರೆಯುವ ರೇಡಿಯೇಷನ್ ಚಿಕಿತ್ಸೆಗೆಂದು ಮತ್ತೆ ಮತ್ತೆ ಹುಬ್ಬಳ್ಳಿಗೆ ಹೋಗಬೇಕಿತ್ತು. ಆದರೂ ಎರಡು ತಿಂಗಳೊಳಗೆ ಕೆಲಸ ಶುರುವಾಯಿತು. ಅವನು ಮೊದಲಿನಂತೆಯೇ ಮನೆಮನೆಗೆ ಹೋಗಿ ವಿವರ ಬರೆಸಿಕೊಂಡು ಬರುತ್ತಿದ್ದ, ಸ್ಫೂರ್ತಿ ಜೋಡಿಸುತ್ತಿದ್ದಳು, ವಿನೋದ ಪೆನ್‌ಡ್ರೈವ್ ಹಾಕಿಕೊಂಡು ಸುತ್ತುತ್ತಿದ್ದ. ಲ್ಯಾಪ್‌ಟಾಪಿನಲ್ಲಿ ಇಲ್ಲದ ಹೆಸರು ಬಂದರೆ ಆ ಜಾಗದಲ್ಲಿ ಸ್ಫೂರ್ತಿಯ ದನಿ ಬರುತ್ತಿತ್ತು. ಪೇಟೆಯವರಿಗೆ ಅದು ವಿಚಿತ್ರವಾಗಿ ಕೇಳಿಸಿರಬಹುದು. ಯಾರೂ ಏನೂ ಅನ್ನಲಿಲ್ಲ. ಆಟೋ ಓಣಿಗೆ ಬಂದಾಗ ಗುರುಶಾಂತವ್ವ ಮಾತ್ರ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಂದು ದಿನ ಸಾವಿನ ಸುದ್ದಿಯ ವಿವರ ಕೇಳಲು ಶಿವಪುತ್ರಪ್ಪ ಎಕ್ಕಂಬಿಗೆ ಹೋಗಿದ್ದ. ಮುಗಿಸಿ ಬಸ್ಸಿಗೆ ಕಾಯುತ್ತ ರಸ್ತೆ ಬದಿಯಲ್ಲಿ ನಿಂತಿದ್ದಾಗ ತನ್ನ ದನಿ ಕೇಳಿಸಿತು. ದೂರದಿಂದ ಒಂದು ಬಿಳಿ ವ್ಯಾನು ಬರುತ್ತಿತ್ತು.

‘ತಾಯಂದಿರೇ, ನಿಮ್ಮ ಕಷ್ಟದ ದುಡಿಮೆ ನಮ್ಮಲ್ಲಿ ಭದ್ರ. ಒಂದೇ ವರ್ಷದಲ್ಲಿ ದುಪ್ಪಟ್ಟು. ಇಂದೇ ಬನ್ನಿ.’

ಸತ್ತವರ ಹೆಸರಿನ ಮುಂದೆ ಅವನು ನಿಲ್ಲುತ್ತಿದ್ದ ಆ ನಿಲುಗಡೆಯೇ ಇಲ್ಲಿ ದುಪ್ಪಟ್ಟು ಎನ್ನುವ ಮೊದಲು ಇತ್ತು. ಆದರೆ ದುಪ್ಪಟ್ಟು ಎಂಬ ಮಾತನ್ನು ಅವನು ಹೇಳಿರಲಿಲ್ಲ. ಭದ್ರ ಎಂದೂ ಹೇಳಿರಲಿಲ್ಲ. ರಸ್ತೆಗೆ ಇಳಿದು ಎರಡೂ ಕೈ ಎತ್ತಿದ. ಬಸ್ಸೆಂದುಕೊಂಡು ಯಾರೋ ಕೈ ಮಾಡುತ್ತಿದ್ದಾರೆ ಎಂದು ತಿಳಿದ ಚಾಲಕ ವ್ಯಾನನ್ನು ಪಕ್ಕಕ್ಕೆ ಹೊಡೆದುಕೊಂಡು ಹೋದ. ಇವನು ಹಿಂದೆ ಓಡಿದ. ಕೂಗಲು ಬಾಯಿ ತೆರೆದ. ಧೂಳು ಕುತ್ತಿಗೆಯ ತೂತಿಗೆ ನುಗ್ಗಿ, ಅಲ್ಲೇ ರಸ್ತೆಯಂಚಿನಲ್ಲಿ ಕೂತು ಸದ್ದಿಲ್ಲದೆ ಕೆಮ್ಮಿದ. ವ್ಯಾನು ಊರೊಳಗೆ ಹೋಯಿತು. ದನಿ ಬಹಳ ಹೊತ್ತು ಕೇಳಿಸುತ್ತಲೇ ಇತ್ತು.

ಮನೆಗೆ ಬಂದು ಪಾಟಿಯ ಮೇಲೆ ಬರೆದು ತೋರಿಸಿದಾಗ ಸ್ಫೂರ್ತಿಗೆ ಕೂಡಲೇ ಅರ್ಥವಾಯಿತು. ವಿನೋದನನ್ನು ಕರೆಸಿದಳು. ಅವನು ತಲೆ ತಗ್ಗಿಸಿ ನಿಂತ.

“ಯಲ್ಲಾಪುರದಾಗ ಉಳಿತಾಯದ ಆಫೀಸು ತೆಗದಾರ ಮಾವಾ. ಕಾಯಂ ಕೆಲಸ ಕೊಡತೇವಿ, ದನಿ ಹೆಂಗೈತಿ ಕೇಳಸು ಅಂದ್ರು. ಪೆನ್‌ಡ್ರೈವ್ ಕೊಟ್ಟಿದ್ದೆ. ಅದರಾಗಿದ್ದದ್ದು ಎಲ್ಲಾ ಇಳಿಸಿಕೊಂತಾರ ಅಂತ ನನಗೇನ್ ಗೊತ್ತು.”

ಮರುದಿನ ಅಪ್ಪ ಮಗಳು ಯಲ್ಲಾಪುರಕ್ಕೆ ಹೋದರು. ಹೊಸ ಬಣ್ಣ ಬಳಿದ ಕಚೇರಿ. ಮ್ಯಾನೇಜರ್ ಗಿರೀಶ ಎಂಬವನು. ಯಾವ ಊರಿನವನೋ, ಮಾತು ಮಾತ್ರ ಮೃದು. ಚಹಾ ತರಿಸಿದ.

“ಅದು ಕಂಪ್ಯೂಟರ್ ಮಾತಾಡಿದ್ದು ಮೇಡಂ. ನಿಮ್ಮ ತಂದೆಯವರು ಮಾತಾಡಿಲ್ಲ, ಅವರಿಗೆ ಮಾತೇ ಬರೂದಿಲ್ಲ ಅಂತೀರಿ. ಮತ್ತೆ ಅವರದ್ದು ಹೇಗೆ ಆಗ್ತದೆ?”

“ದನಿ ಅವರದು.”

“ಇರಬಹುದು. ನಾವು ಯಾರ ಹೊಟ್ಟೆ ಮೇಲೂ ಹೊಡೆಯೋರಲ್ಲ. ತಿಂಗಳಿಗೆ ಇಂತಿಷ್ಟು ಅಂತ ಕೊಡ್ತೇವೆ. ಬೇಡ ಅಂದ್ರೆ ಬೇಡ. ದನಿ ಏನು, ಬೇರೆ ಯಾರದ್ದಾದ್ರೂ ಸಿಗ್ತದೆ.”

ಸ್ಫೂರ್ತಿ ಎದ್ದು ನಿಂತಳು. ಶಿವಪುತ್ರಪ್ಪ ಏಳಲಿಲ್ಲ. ಮುಂದಿನ ವಾರ ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಇತ್ತು, ಅದು ಕಾರ್ಡಿನಲ್ಲಿ ಬರುವಂಥದ್ದಲ್ಲ. ಆ ಬೆಳಿಗ್ಗೆ ಗುರುಶಾಂತವ್ವ ಮಣಿಕಟ್ಟಿಗೆ ಬಿಸಿನೀರಿನ ಬಟ್ಟೆ ಕಟ್ಟಿಕೊಂಡು ರೊಟ್ಟಿ ಬಡಿಯುತ್ತಿದ್ದುದನ್ನು ಅವನು ನೋಡಿಕೊಂಡೇ ಬಂದಿದ್ದ. ನೀವು ಯಾರು, ಈ ದುಡ್ಡು ಎಲ್ಲಿಂದ, ಜನರದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಚೀಲದಲ್ಲಿ ಪಾಟಿ ಇತ್ತು. ಮೂವತ್ತು ವರ್ಷ ಕೇಳುತ್ತ ಬಂದವನು ಅಂದು ಅದನ್ನು ತೆಗೆಯಲಿಲ್ಲ. ಗಿರೀಶನ ಕಡೆ ನೋಡಿ ಆಗಲಿ ಎಂದು ತಲೆಯಾಡಿಸಿದ.

ಬಸ್ಸಿನಲ್ಲಿ ಮಗಳು ಅವನ ಪಕ್ಕ ಕೂರಲಿಲ್ಲ.

ದುಡ್ಡು ತಪ್ಪದೆ ಬಂತು. ಸ್ಕ್ಯಾನ್ ಆಯಿತು, ಔಷಧಿ ಆಯಿತು. ಬಿಳಿ ವ್ಯಾನು ಉಮ್ಮಚಗಿಗೆ ಹೋಯಿತು, ಸಿದ್ದಾಪುರದ ಹಳ್ಳಿಗಳಿಗೆ ಹೋಯಿತು, ಶಿರಸಿಯ ಓಣಿಗಳಲ್ಲೇ ಸುತ್ತಿತು. ಈಗ ಶಿವಪುತ್ರಪ್ಪನೂ ಹೆಂಡತಿಯ ಹಾಗೆ ಒಳಗೆ ಹೋಗಿ ಕೂರತೊಡಗಿದ. ಹೀಗೆ ಬೇಸಿಗೆ ಕಳೆದು ಮಳೆಗಾಲವೂ ಮುಗಿಯುವ ಹೊತ್ತಿಗೆ ಒಂದು ಸೋಮವಾರ ಯಲ್ಲಾಪುರದ ಕಚೇರಿಯ ಬಾಗಿಲು ತೆರೆಯಲಿಲ್ಲ. ಗಿರೀಶನ ಫೋನು ಹತ್ತಲಿಲ್ಲ. ಆ ಹೆಸರಾದರೂ ಅವನದೇ ಹೌದೋ ಅಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಕಳಕೊಂಡವರಿಗೆ ಹಿಡಿದು ಕೇಳಲು ಯಾರಾದರೂ ಬೇಕಿತ್ತು. ಅವರಿಗೆ ಗೊತ್ತಿದ್ದುದು ಒಂದು ದನಿ. ಜನ ಅವನ ಮನೆ ಹುಡುಕಿಕೊಂಡು ಬಂದರು. ಅಂಗಳದಲ್ಲಿ ನಿಂತ ಒಬ್ಬ, “ನೀ ಹೇಳಿದಿ ಅಂತ ಇಟ್ವಿ. ಬ್ಯಾರೆ ಯಾರ ಹೇಳಿದ್ರೂ ಇಡತಿದ್ದಿಲ್ಲ” ಎಂದ. ಶಿವಪುತ್ರಪ್ಪ ಕುತ್ತಿಗೆಯ ಬಟ್ಟೆ ಸರಿಸಿ ತೂತು ತೋರಿಸಿದ. ಕೆಲವರು ಮುಖ ತಿರುಗಿಸಿಕೊಂಡರು. ಒಬ್ಬ ಹೆಂಗಸು, “ಅದನ್ನ ತೋರಿಸಿದ್ರ ನಮ್ಮ ರೊಕ್ಕ ಬರತೈತೇನು?” ಎಂದಳು. ಸ್ಫೂರ್ತಿ ಅಪ್ಪನ ಪರವಾಗಿ, ಅದು ಯಂತ್ರದ ದನಿ, ನಕಲು ಮಾಡಿದ್ದು ಎಂದು ಹೇಳತೊಡಗಿದಳು. ನಡುವೆ ಯಾರೋ, “ನಿಮಗ ತಿಂಗಳಾ ರೊಕ್ಕ ಬರತಿತ್ತಂತಲ್ಲ” ಎಂದರು.

ಪೊಲೀಸರು ಬಂದರು. ಒರಟಾಗಿ ನಡೆದುಕೊಳ್ಳಲಿಲ್ಲ. ಬರೆಸಿಕೊಂಡರು, ಅವನನ್ನು ಆರೋಪಿ ಮಾಡಲಿಲ್ಲ, ಸಾಕ್ಷಿ ಎಂದರು. ಆದರೆ ತನಿಖೆಗೆ ಬೇಕೆಂದು ಲ್ಯಾಪ್‌ಟಾಪ್, ಪೆನ್‌ಡ್ರೈವ್ ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿ ತೆಗೆದುಕೊಂಡು ಹೋದರು. ಅಲ್ಲಿಗೆ ಕೆಲಸವೂ ನಿಂತಿತು. ನಿಲ್ಲದಿದ್ದರೂ ಆ ದನಿಯಲ್ಲಿ ಸುದ್ದಿ ಹೇಳಿಸುವವರು ಯಾರೂ ಉಳಿದಿರಲಿಲ್ಲ. ವಿನೋದ ಆಟೋದಿಂದ ಧ್ವನಿವರ್ಧಕ ಬಿಚ್ಚಿ ಬರೀ ಬಾಡಿಗೆ ಹೊಡೆಯತೊಡಗಿದ.

ಕಳಕೊಂಡವರಲ್ಲಿ ಎಕ್ಕಂಬಿಯ ಪಾರ್ವತವ್ವ ಒಬ್ಬಳು. ವಯಸ್ಸಾದ ವಿಧವೆ. ಗಂಡ ಸತ್ತಾಗ ಶಿವಪುತ್ರಪ್ಪನೇ ಅವಳ ಮನೆಗೆ ಹೋಗಿ ಹೆಸರು ಕೇಳಿ ಬಂದು ಊರಿಗೆ ತಿಳಿಸಿದ್ದ. ಇದ್ದ ಎರಡು ಎಮ್ಮೆ ಮಾರಿ ಅವಳು ದುಡ್ಡು ಕಟ್ಟಿದ್ದಳು. ಅವಳು ಮನೆಗೆ ಬಂದು ಬೈಯಲಿಲ್ಲ. ಅದಕ್ಕೇ ಇರಬೇಕು, ಅವನಿಗೆ ಅವಳ ಯೋಚನೆ ಹೋಗಲಿಲ್ಲ. ಒಂದು ಮಧ್ಯಾಹ್ನ, ಕೊನೆಯ ತಿಂಗಳು ಆ ಕಚೇರಿಯಿಂದ ಬಂದದ್ದರಲ್ಲಿ ಉಳಿದ ದುಡ್ಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅವಳಲ್ಲಿಗೆ ಹೋದ.

ಪಾರ್ವತವ್ವ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತು ಪಾಟಿ ತೆಗೆದ. ಅವಳಿಗೆ ಓದಲು ಬರುವುದಿಲ್ಲ ಎಂದು ಆಗ ನೆನಪಾಗಿ ಹಾಗೇ ಹಿಡಿದುಕೊಂಡ.

“ನೀ ಅಲ್ಲ ಅಂತಾರ” ಎಂದಳು ಅವಳು. “ಪೊಲೀಸರೂ ಹಂಗ ಅಂದ್ರು. ಯಾವುದೋ ಮಷಿನ್ ಅಂತ. ಇರಬೇಕು. ನನ್ನ ಕಿವ್ಯಾಗ ಬಿದ್ದಿದ್ದು ನಿನ್ನ ದನಿ ತಮ್ಮಾ. ನಮ್ಮ ಮನಿಯವರು ಹೋದಾಗ ಅವರ ಹೆಸರು ಹೇಳಿದ ದನಿ. ಅದಕ್ಕ ಬಾಗಲಿಗೆ ಬಂದೆ.”

ಅವನು ಪಾಟಿಯನ್ನು ಚೀಲಕ್ಕೆ ಹಾಕಿದ.

“ನೀ ರೊಕ್ಕ ಇಸಕೊಂಡಿದ್ದು ಖರೇನಾ?”

ಅವನು ಹೌದೆಂದು ತಲೆಯಾಡಿಸಿದ.

ಅವಳು ಮೆಣಸಿನಕಾಯಿ ಬಿಡಿಸುತ್ತಲೇ ಇದ್ದಳು. ಅವನು ಕರವಸ್ತ್ರದ ಗಂಟನ್ನು ಕಟ್ಟೆಯ ಮೇಲಿಟ್ಟ. ಅವಳು ಅದನ್ನು ಬಿಚ್ಚಿ ನೋಡಲಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು, “ಎಮ್ಮಿ ಕಾಲೂ ಬರಂಗಿಲ್ಲ ಇದರಾಗ. ಇನ್ನ ಬರಬ್ಯಾಡ” ಎಂದಳು. ಅವನು ಕೈ ಮುಗಿದು ಎದ್ದು ಬಂದ.

ಲ್ಯಾಪ್‌ಟಾಪ್ ವಾಪಸು ಸಿಗುವ ಹೊತ್ತಿಗೆ ಮತ್ತೊಂದು ಬೇಸಿಗೆ ಬಂದಿತ್ತು. ನ್ಯಾಯಾಲಯದ ಅಪ್ಪಣೆ ತಂದು ಸ್ಫೂರ್ತಿ ಬಿಡಿಸಿಕೊಂಡು ಬಂದಳು. ಧೂಳು ಒರೆಸಿ ಚಾಲೂ ಮಾಡಿದರೆ ಎಲ್ಲ ಹಾಗೇ ಇತ್ತು. ಊರುಗಳು, ವಾರಗಳು, ಅಂಕಿಗಳು, ಮೂರು ಬಗೆಯ ವಿಷಾದ. ಶಿವಪುತ್ರಪ್ಪ ಪಕ್ಕದಲ್ಲಿ ಕೂತು ನೋಡಿದ. ಪಾಟಿಯ ಮೇಲೆ ‘ಅಳಿಸು’ ಎಂದು ಬರೆದ.

“ಅಪ್ಪಾ, ಇರಲಿ. ಕೆಲಸಕ್ಕ ಬ್ಯಾಡ. ನಮಗ ಇರಲಿ.”

ಅವನು ಅದೇ ಅಕ್ಷರಗಳ ಮೇಲೆ ಬಳಪ ಒತ್ತಿ ಇನ್ನೊಮ್ಮೆ ತೀಡಿದ.

ಸ್ಫೂರ್ತಿ ಅಡುಗೆಮನೆಯ ಕಡೆ ನೋಡಿದಳು. ಗುರುಶಾಂತವ್ವ ಬಾಗಿಲಿಗೆ ಬಂದಿದ್ದಳು. “ಅಳಿಸವ್ವಾ” ಎಂದಳು. “ಅದರಾಗ ನಮ್ಮ ಮನೀದು ಒಂದೂ ಮಾತಿಲ್ಲ.”

ಸ್ಫೂರ್ತಿ ಅಳಿಸಿದಳು. ಯಂತ್ರ, ಖಚಿತವೇ ಎಂದು ಕೇಳಿತು. ಹೌದು ಎಂದು ಒತ್ತಿದಳು. ಕೆಲವು ನಿಮಿಷ ಹಿಡಿಯಿತು. ಅದು ಮುಗಿಯುವವರೆಗೆ ಯಾರೂ ಎದ್ದು ಹೋಗಲಿಲ್ಲ.

ಈಗ ಆ ಲ್ಯಾಪ್‌ಟಾಪಿನಲ್ಲಿ ಅವಳು ಮನೆಯಲ್ಲೇ ಟೈಪಿಂಗ್ ಕೆಲಸ ಮಾಡುತ್ತಾಳೆ. ಶಿವಪುತ್ರಪ್ಪ ಒಂದು ಗೋದಾಮಿನ ಗೇಟಿನಲ್ಲಿ ಹಗಲು ಕಾವಲಿಗೆ ಕೂರುತ್ತಾನೆ. ಅಲ್ಲಿ ಮಾತಿನ ಅಗತ್ಯ ಇಲ್ಲ. ಕಳೆದ ಸಲ ಹುಬ್ಬಳ್ಳಿಗೆ ಹೋದಾಗ, ಗಾಳಿ ನುಂಗಿ ತೇಗಿನ ಹಾಗೆ ಹೊರಗೆ ಬಿಟ್ಟು ಮಾತು ಹೊರಡಿಸುವ ಅಭ್ಯಾಸ ಒಂದನ್ನು ಅಲ್ಲಿಯವರು ಹೇಳಿಕೊಟ್ಟರು. ಬಹಳ ಮಂದಿ ಅರ್ಧಕ್ಕೆ ಬಿಡುತ್ತಾರೆ, ದನಿ ಒರಟೊರಟಾಗಿ ಬರುತ್ತದೆ, ಬೇಸರ ಮಾಡಬಾರದು ಎಂದರು. ಪ, ತ, ಕ ಅಕ್ಷರಗಳಿಂದ ಶುರು ಮಾಡಬೇಕಂತೆ. ಅವನು ದಿನಾ ಬೆಳಿಗ್ಗೆ ಹಿತ್ತಲಲ್ಲಿ ನಿಂತು ಮಾಡುತ್ತಿದ್ದ. ವಾರಗಟ್ಟಲೆ ಬರೀ ಗಾಳಿ. ಹೊಟ್ಟೆ ನೋಯುತ್ತಿತ್ತು. ಪಕ್ಕದ ಮನೆಯ ಕೂಸು ಅವನನ್ನು ನೋಡಿದರೆ ಅಳುತ್ತಿತ್ತು.

ಮೊನ್ನೆ ಒಂದು ಬೆಳಿಗ್ಗೆ ಅವನು ಅಡುಗೆಮನೆಯ ಹೊಸ್ತಿಲ ಬಳಿ ಕೂತು ಅದೇ ಅಭ್ಯಾಸ ಮಾಡುತ್ತಿದ್ದ. ಗುರುಶಾಂತವ್ವ ಒಲೆಯ ಮುಂದಿದ್ದಳು. “ತಾ… ಟು” ಎಂಬ ಸದ್ದು ಬಂತು. ಬಾವಿಯ ಗಡಗಡೆ ತಿರುಗಿದ ಹಾಗಿತ್ತು. ಅವಳು ತಿರುಗಿ ಅವನನ್ನು ನೋಡಿದಳು. ಅವನೂ ಅವಳನ್ನು ನೋಡಿದ. ಊಟದ ಹೊತ್ತೇನೂ ಆಗಿರಲಿಲ್ಲ. ಹುಬ್ಬಳ್ಳಿಯವರು ಅಭ್ಯಾಸಕ್ಕೆಂದು ಹಾಳೆಯಲ್ಲಿ ಬರೆದು ಕೊಟ್ಟ ಮಾತನ್ನು ಅವನು ಸುಮ್ಮನೆ ಹೇಳಿ ನೋಡಿದ್ದ. ಅವಳು ಗೂಡಿನಿಂದ ತಾಟು ತೆಗೆದು, ಸೆರಗಿನಿಂದ ಒರೆಸಿ, ಬಿಸಿ ರೊಟ್ಟಿ ಹಾಕಿ ಅವನ ಮುಂದೆ ತಂದಿಟ್ಟಳು.

ಅವನು ಅಲ್ಲೇ ಕೂತು ಉಂಡ.